ಕುದ್ರುವಿನಲ್ಲಿ ನೆಟ್ಟ ಗೆಲ್ಲುಗಳು

ಬೋಳಾರದಲ್ಲಿ ನಮ್ಮವರ ಯಾವ ಮದುವೆಯಾದರೂ ಊಟ ಮುಗಿದು ಎಲೆಯಡಿಕೆಯ ತಟ್ಟೆ ಬಂದ ಮೇಲೆ ನನ್ನ ಸೋದರಮಾವ ಒಂದು ಕತೆ ಹೇಳುತ್ತಾರೆ. ಹೊಳೆಯ ನಡುವಿನ ಕುದ್ರುವಿನಲ್ಲಿ ಪ್ರತಿ ಬೇಸಿಗೆ ಬಿಳಿ ಹಕ್ಕಿಗಳು ಬಂದು ಮೊಟ್ಟೆಯಿಡುತ್ತಿದ್ದವಂತೆ. ನನ್ನ ಅಪ್ಪ ಅವುಗಳ ಕಾವಲಿಗೆಂದು ದೈವದ ಹೆಸರು ಹೇಳಿ ಗೆಲ್ಲು, ಎಂದರೆ ಮರದ ಕೊಂಬೆ, ನೆಟ್ಟರಂತೆ. ಕಾಲೇಜಿಗೆ ಹೋಗಿ ತಲೆ ತಿರುಗಿದ್ದ ನಾನು ಅದನ್ನು ಕಿತ್ತೆನಂತೆ. ಹಕ್ಕಿಗಳು ಎದ್ದು ಹೋದವಂತೆ, ಮತ್ತೆ ಬರಲೇ ಇಲ್ಲವಂತೆ. ಕೊನೆಗೆ ಮಾವ ಸುಣ್ಣ ಹಚ್ಚಿದ ವೀಳ್ಯದೆಲೆಯನ್ನು ಮಡಚುತ್ತಾ ನನ್ನ ಕಡೆ ಗಲ್ಲ ತೋರಿಸುತ್ತಾರೆ: "ಚರ್ಚೆಯಲ್ಲಿ ಇವಳು ಕಪ್ಪು ಗೆದ್ದು ಕಪಾಟು ತುಂಬಿಸಿದ್ದಾಳೆ ಮಾರಾಯ್ರೆ. ಒಂದು ಹಕ್ಕಿಯನ್ನು ವಾಪಸು ತರ್ಲಿಕ್ಕೆ ಆಯ್ತಾ, ಕೇಳಿ."

ಎಲ್ಲರೂ ನಗುತ್ತಾರೆ. ಗಂಡಸರ ಸಾಲಿನ ಕೊನೆಯಲ್ಲಿ ಕುಳಿತ ಅಪ್ಪ ನಗುವುದಿಲ್ಲ, ಅಲ್ಲವೆಂದೂ ಹೇಳುವುದಿಲ್ಲ.

ನೆಟ್ಟದ್ದು ನಿಜ. ಕಿತ್ತದ್ದು ನಿಜ. ಹಕ್ಕಿಗಳು ಬಾರದಿರುವುದೂ ನಿಜ. ಆದರೆ ಮೂರು ನಿಜಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದ ಮಾತ್ರಕ್ಕೆ ಮೊದಲನೆಯದು ಮುಂದಿನದಕ್ಕೆ ಕಾರಣವಾಗುವುದಿಲ್ಲ. ಇದನ್ನು ನಾನು ಈಗ ಹೈಸ್ಕೂಲಿನ ಮಕ್ಕಳಿಗೆ ಚರ್ಚಾಸ್ಪರ್ಧೆಯ ತರಬೇತಿ ಕೊಡುವಾಗ ಮೊದಲ ದಿನವೇ ಹೇಳಿಕೊಡುತ್ತೇನೆ. ಮಾವನ ಕತೆಯ ದೋಷ ಅದಕ್ಕಿಂತಲೂ ದೊಡ್ಡದು. ಅದರಲ್ಲಿ ಅನುಕ್ರಮವೇ ತಪ್ಪು. ನಾನು ಗೆಲ್ಲಿಗೆ ಕೈ ಹಾಕುವ ಮೊದಲೇ ಗೂಡುಗಳು ಖಾಲಿಯಾಗಿದ್ದವು. ಕಿತ್ತ ಮೇಲೆ ಏನೋ ಒಂದು ಆಯಿತು. ಅದು ಗೊತ್ತಿರುವುದು ಇಬ್ಬರಿಗೆ. ಒಬ್ಬಳು ಇದನ್ನು ಬರೆಯುತ್ತಿದ್ದಾಳೆ. ಇನ್ನೊಬ್ಬರು ಪಕ್ಕದ ಕೋಣೆಯಲ್ಲಿ ಕನ್ನಡಕ ಒರೆಸಿಕೊಳ್ಳುತ್ತಿದ್ದಾರೆ.

ಅಪ್ಪ ಸುಣ್ಣದ ಭಟ್ಟಿಯೊಂದರಲ್ಲಿ ರೈಟರು. ನೇತ್ರಾವತಿ ಕಡಲು ಸೇರುವ ಮೊದಲು ಅಗಲವಾಗಿ ಸೋಮಾರಿಯಾಗುವ ಕಡೆ ಹೆಂಗಸರು ಮೊಣಕಾಲುದ್ದ ನೀರಿಗಿಳಿದು ಮರುವಾಯಿ ಚಿಪ್ಪು ಹೆಕ್ಕುತ್ತಾರೆ. ಅದನ್ನು ದೋಣಿಯಲ್ಲಿ ತಂದು ದಡದ ಭಟ್ಟಿಯಲ್ಲಿ ಸುಟ್ಟರೆ ಸುಣ್ಣ. ಬಂದ ಚಿಪ್ಪನ್ನು ಅಳೆಸುವುದು, ಹೋಗುವ ಸುಣ್ಣವನ್ನು ಗಾಡಿಗೆ ಹೇರಿಸುವುದು ಅಪ್ಪನ ಕೆಲಸ. ಅವರ ಹುಬ್ಬಿನಲ್ಲಿ ಯಾವಾಗಲೂ ಬಿಳಿ ಧೂಳು ಇರುತ್ತಿತ್ತು. ಅಮ್ಮ ಇದ್ದಾಗ ಸೆರಗಿನಿಂದ ಅದನ್ನು ಒರೆಸಿ, "ಈಗ ಒಳಗೆ ಬನ್ನಿ" ಎನ್ನುತ್ತಿದ್ದಳು. ನಾನು ಹೈಸ್ಕೂಲು ಮುಗಿಸಿದ ವರ್ಷ ಅಮ್ಮ ತೀರಿಕೊಂಡಳು. ನಮ್ಮ ಮನೆಯಲ್ಲಿ ಮಾತು ಎನ್ನುವುದು ಪೂರ್ತಿ ಅವಳದ್ದೇ ಆಗಿತ್ತು ಎಂದು ನಮಗೆ ತಿಳಿದದ್ದು ಆಮೇಲೆ.

"ಅನ್ನ ಉಂಟಾ?"

"ಉಂಟು."

"ಚಿಮಿಣಿಗೆ ಎಣ್ಣೆ?"

"ಹಾಕಿದ್ದೇನೆ."

ಇಷ್ಟರಲ್ಲಿ ನಮ್ಮ ಒಂದು ದಿನ ಮುಗಿಯುತ್ತಿತ್ತು. ಕಾಲೇಜಿನಲ್ಲಿ ನಾನು ಬೇರೆಯೇ ಮನುಷ್ಯಳು. ನಮ್ಮ ಜಿಲ್ಲೆ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಅದು ಸರಿಯೋ ತಪ್ಪೋ, ದೇವರಿದ್ದಾನೋ ಇಲ್ಲವೋ, ಹೆಣ್ಣುಮಕ್ಕಳು ಡಾಕ್ಟರಾಗಬೇಕೋ ಬೇಡವೋ, ಯಾವ ವಿಷಯ ಕೊಟ್ಟರೂ ಯಾವ ಪಕ್ಷ ಕೊಟ್ಟರೂ ನಾನು ಎದ್ದು ನಿಂತು ಎದುರಿನವರ ಮಾತಿನ ಹೊಲಿಗೆ ಬಿಚ್ಚುತ್ತಿದ್ದೆ. ಚಪ್ಪಾಳೆ ಬೀಳುತ್ತಿತ್ತು. ಗೆದ್ದ ಕಪ್ಪನ್ನು ತಂದು ಕಪಾಟಿನಲ್ಲಿ ಇಡುತ್ತಿದ್ದೆ. ಮರುದಿನ ಅದು ಅಲ್ಲಿಯೇ ಇರುತ್ತಿತ್ತು, ಅಪ್ಪ ಅದರ ಪಕ್ಕದಿಂದ ತಮ್ಮ ಬಾಚಣಿಗೆ ತೆಗೆದುಕೊಂಡು ಹೋಗಿರುತ್ತಿದ್ದರು.

ಅಪ್ಪ ಕೆಲಸ ಬಿಟ್ಟ ಕೂಡಲೇ ಮನೆಗೆ ಬರುವುದಿಲ್ಲ, ಬಂದಾಗ ಮುಂಡಿನ ಅಂಚು ಒದ್ದೆಯಾಗಿರುತ್ತದೆ ಎಂಬುದನ್ನು ನಾನು ಗಮನಿಸಿದ್ದೆ. ಒಂದು ಸಂಜೆ ಭಟ್ಟಿಯ ದೋಣಿಯವನನ್ನೇ ಕೇಳಿದೆ. "ರೈಟರು ಕುದ್ರುವಿಗೆ ಹೋಗ್ತಾರಲ್ಲ, ಹಕ್ಕಿ ನೋಡ್ಲಿಕ್ಕೆ. ನಿಮ್ಗೆ ಗೊತ್ತಿಲ್ವಾ?" ಎಂದ. ನನಗೆ ಗೊತ್ತಿರಲಿಲ್ಲ.

ಕುದ್ರು ಎಂದರೆ ಹೊಳೆ ತಾನೇ ಮಣ್ಣು ಮರಳು ತಂದು ನಡುವೆ ಹಾಕಿಕೊಂಡ ದ್ವೀಪ. ನಾನು ಹೇಳುತ್ತಿರುವ ಕುದ್ರುವಿನ ಕಡಲ ಬದಿಯ ತುದಿ ಬಾಲದ ಹಾಗೆ ಸಪೂರವಾಗಿ ನೀರಿಗೆ ಚಾಚಿತ್ತು. ಅಲ್ಲಿ ಮರವಿಲ್ಲ, ಪೊದೆಯಿಲ್ಲ, ಹಳೆಯ ಚಿಪ್ಪು ಮಾತ್ರ ದಪ್ಪಕ್ಕೆ ಬಿದ್ದುಕೊಂಡಿತ್ತು. ಆ ಚಿಪ್ಪಿನ ಮೇಲೆಯೇ ಹಕ್ಕಿಗಳು ಮೊಟ್ಟೆಯಿಡುತ್ತಿದ್ದವು. ಪಾರಿವಾಳಕ್ಕಿಂತ ಸಣ್ಣವು. ಬಿಳಿ ಮೈ, ಕಪ್ಪು ಟೊಪ್ಪಿ, ಹಳದಿ ಕೊಕ್ಕು, ಕವಲು ಬಾಲ. ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು, ಕಲ್ಲು ಬಿದ್ದಂತೆ ಬಿದ್ದು, ಮೀನು ಹಿಡಿದು ಏಳುತ್ತಿದ್ದವು. ಗೂಡು ಎಂದರೆ ಎದೆಯಿಂದ ಒತ್ತಿ ಮಾಡಿದ ಒಂದು ತಗ್ಗು, ಅಷ್ಟೆ. ಚುಕ್ಕೆಯ ಮೊಟ್ಟೆಯನ್ನು ಪಕ್ಕದ ಚಿಪ್ಪಿನಿಂದ ಬೇರೆ ಮಾಡಿ ನೋಡಲು ಕಣ್ಣಿಗೆ ಅಭ್ಯಾಸ ಬೇಕು. ಪ್ರಾಣಿಶಾಸ್ತ್ರದ ಕ್ಲಾಸಿನಲ್ಲಿ ನಮಗೆ ಪೆಂಗ್ವಿನ್ನುಗಳ ಪಾಠವಿತ್ತು. ಅವು ಕಲ್ಲು ಆರಿಸಿ ತಂದು ಗೂಡು ಕಟ್ಟುತ್ತವೆ, ನೆರೆಯವರ ಕಲ್ಲು ಕದಿಯುತ್ತವೆ, ಮರಿಯನ್ನು ಚಳಿಯಿಂದ ಹೇಗೆ ಕಾಯುತ್ತವೆ ಎಂದೆಲ್ಲ ನಾನು ಪರೀಕ್ಷೆಯಲ್ಲಿ ಬರೆದಿದ್ದೆ. ನಮ್ಮ ಮನೆಯಿಂದ ಕೂಗಳತೆಯ ಹೊಳೆಯಲ್ಲಿರುವ ಹಕ್ಕಿಯ ಹೆಸರು ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ. ಲೆಕ್ಚರರನ್ನು ಕೇಳಿದರೆ "ಟರ್ನ್ ಇರಬೇಕು" ಎಂದು ಹೇಳಿ ಬೋರ್ಡು ಒರೆಸಿದರು.

ಆ ವರ್ಷದ ಬೇಸಿಗೆಯ ಮೊದಲಿಗೆ ಒಂದು ಮಧ್ಯಾಹ್ನ ಅಪ್ಪನಿಗೆ ಬುತ್ತಿ ಕೊಡಲು ಭಟ್ಟಿಗೆ ಹೋಗಿದ್ದೆ. ಭಟ್ಟಿಯ ಸಾವ್ಕಾರರು ಅಲ್ಲಿದ್ದರು. ಬಂದರಿನ ಹಳೆಯ ವ್ಯಾಪಾರಿ ಮನೆತನದ ಬ್ಯಾರಿ ಮುಸ್ಲಿಮರು, ಹೆಚ್ಚುಕಡಿಮೆ ಅಪ್ಪನ ಪ್ರಾಯ. ತಮಾಷೆ ಸೇರಿಸದೆ ಅವರಿಗೆ ಮಾತಾಡಲು ಬರುತ್ತಿರಲಿಲ್ಲ.

"ರೈಟರೇ, ಈ ಸಲ ಕುದ್ರುವಿನ ಆ ಬಾಲವನ್ನು ಸಹ ಕೆರೆಸುವ. ಊರಿಡೀ ಮನೆ ಕಟ್ತಾ ಇದ್ದಾರೆ, ಸುಣ್ಣ ಸಾಲುವುದಿಲ್ಲ."

"ಅಲ್ಲಿ ಹಕ್ಕಿ ಉಂಟು, ಸಾವ್ಕಾರ್ರೆ."

"ಹಕ್ಕಿಯಾ? ಬಾಡಿಗೆ ಕೊಡ್ತಾವಾ?"

"ಇಲ್ಲ."

"ಮತ್ತೆ ಎಂತಕ್ಕೆ ಅವುಗಳನ್ನು ಇಟ್ಕೊಂಡಿದ್ದೀರಿ?"

ಅಪ್ಪ ಬುತ್ತಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. "ಒಂದು ವರ್ಷ ಬಿಡಿ ಸಾವ್ಕಾರ್ರೆ. ಕೇಳಿಕೊಳ್ತೇನೆ."

ಅಮ್ಮ ಆಸ್ಪತ್ರೆಯಲ್ಲಿದ್ದಾಗಲೂ ಈ ಮನುಷ್ಯ ರಜೆ ಕೇಳಿರಲಿಲ್ಲ. ಸಾವ್ಕಾರರಿಗೂ ಅದು ನೆನಪಾಗಿರಬೇಕು. ಅವರ ನಗು ನಿಂತಿತು.

"ಆಯ್ತು," ಎಂದರು. "ಮಳೆ ಹಿಡಿಯುವ ಮೊದಲು ನಾನೇ ಬರ್ತೇನೆ. ಒಂದು ಮರಿ, ಒಂದೇ ಒಂದು, ಜೀವ ಇರುವಂಥದ್ದು ತೋರಿಸಿ. ತೋರಿಸಿದ್ರೆ ನಾನಿರುವವರೆಗೆ ಆ ಬಾಲಕ್ಕೆ ಯಾರೂ ಕೈ ಹಾಕುವುದಿಲ್ಲ. ಇಲ್ಲದಿದ್ರೆ ನನ್ನ ಚಿಪ್ಪು ನನಗೆ. ಆಗದಾ?"

"ಆಗ್ತದೆ."

"ನನ್ನ ಭಟ್ಟಿಯ ಹೆಂಗಸರನ್ನು ನಾನು ತಡೀತೇನೆ. ಬೇರೆ ಭಟ್ಟಿಯವರು ಬಂದ್ರೆ? ನೀವೊಂದು ಕೆಲ್ಸ ಮಾಡಿ. ನಿಮ್ಮಲ್ಲಿ ಕ್ರಮ ಉಂಟಲ್ಲ, ಗೆಲ್ಲು ನೆಡುವುದು? ಅದನ್ನು ನೆಡಿ. ನನ್ನ ಮಾತಿಗೆ ಹೆದರದವರು ಸಹ ಅದಕ್ಕೆ ಹೆದರ್ತಾರೆ. ನಾನು ಸಹ ಹೆದರ್ತೇನೆ ಮಾರಾಯ್ರೆ, ಯಾರಿಗೂ ಹೇಳ್ಬೇಡಿ."

ಆ ಕ್ರಮ ನಮ್ಮ ಕಡೆಯದು. ತೋಟದ ಹಲಸಿಗೋ ಮಾವಿಗೋ ಕಳ್ಳರ ಕಾಟವಿದ್ದರೆ ಊರಿನ ದೈವದ ಹೆಸರು ಹೇಳಿ ಸೊಪ್ಪಿರುವ ಒಂದು ಗೆಲ್ಲನ್ನು ಅಲ್ಲಿ ನಿಲ್ಲಿಸುತ್ತಾರೆ. ಆಮೇಲೆ ಅದು ದೈವದ ಸುಪರ್ದಿ. ಬಿದ್ದ ಹಣ್ಣನ್ನೂ ಯಾರೂ ಹೆಕ್ಕುವುದಿಲ್ಲ. ಮನಸ್ಸು ಬಂದಾಗ ಕಿತ್ತು ಬಿಸಾಡುವಂತೆಯೂ ಇಲ್ಲ. ದೈವದ ಎದುರು ನಿಂತು ಅಪ್ಪಣೆ ಕೇಳಿಯೇ ತೆಗೆಯಬೇಕು.

ಅಂದು ರಾತ್ರಿಯ ಊಟಕ್ಕೆ ಕೂತಾಗ ನಾನು ಬಿಡಲಿಲ್ಲ. "ದೈವಕ್ಕೆ ಹಕ್ಕಿಯ ಮೊಟ್ಟೆ ಕಾಯುವ ಕೆಲಸ ಉಂಟಾ ಅಪ್ಪ?"

"ನಿನ್ನ ಹತ್ತಿರ ಬೇರೆ ಉಪಾಯ ಉಂಟಾ?"

"ಬೋರ್ಡು ಹಾಕಿ."

"ಓದ್ಲಿಕ್ಕೆ ಯಾರಿಗೆ ಬರ್ತದೆ?"

"ಹಾಗಾದ್ರೆ ಹೆದರಿಕೆಯಿಂದ ಮಾಡಿಸುವ ಒಳ್ಳೆ ಕೆಲಸ ಒಳ್ಳೆ ಕೆಲಸವಾ?"

"ಮೊಟ್ಟೆಗೆ ಅದು ಗೊತ್ತಾಗುವುದಿಲ್ಲ ಮಗಾ."

ಸಾರು ಬಡಿಸುತ್ತಾ, ಅಮ್ಮ ಹೋದ ಮೇಲೆ ನಾವು ಮಾತಾಡಿದ್ದರಲ್ಲಿ ಇದೇ ಎಲ್ಲಕ್ಕಿಂತ ಉದ್ದದ್ದು ಎಂದು ಹೊಳೆಯಿತು. ಇನ್ನೊಂದು ಪ್ರಶ್ನೆ ಸಿಗುತ್ತದೆಯೇ ಎಂದು ಹುಡುಕಿದೆ. ಅಷ್ಟರಲ್ಲಿ ಅಪ್ಪ ಕೈ ತೊಳೆಯಲು ಎದ್ದಿದ್ದರು.

ಗೆಲ್ಲು ನೆಡಲು ನಾನೂ ಹೋದೆ. ನಮ್ಮ ಹಿತ್ತಲಿನ ಹಲಸಿನಿಂದ ಆಳೆತ್ತರದ ಗೆಲ್ಲುಗಳನ್ನು ಕಡಿದು ದೋಣಿಗೆ ಹಾಕಿದೆವು. ಅಪ್ಪ ಬಾಲದ ಸುತ್ತ ಅಲ್ಲಲ್ಲಿ ಒಂದೊಂದನ್ನು ಊರಿ, ಬುಡಕ್ಕೆ ಕಲ್ಲು ಒತ್ತಿ, ಪ್ರತಿಯೊಂದರ ಎದುರೂ ಕೈ ಮುಗಿದು ತುಟಿಯಲ್ಲೇ ಏನೋ ಹೇಳಿದರು. ಒಳಗೆ ಕಾಲಿಡಬಾರದು ಎಂದು ನನಗೂ ಹೇಳಿದರು. ನಂಬದವಳು ಯಾಕೆ ಪಾಲಿಸಬೇಕು ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ. ಅಪ್ಪ ನನ್ನನ್ನು ಏನಾದರೊಂದು ಕೇಳಿಕೊಂಡದ್ದೇ ಅಪರೂಪ.

ಗೆಲ್ಲು ತನ್ನ ಕೆಲಸ ಮಾಡಿತು, ಇದನ್ನು ನಾನು ಒಪ್ಪಲೇಬೇಕು. ಬೇರೆ ಭಟ್ಟಿಯ ಹೆಂಗಸರು ದೂರದಿಂದಲೇ ಕಂಡು ದೋಣಿ ತಿರುಗಿಸಿದರು. ಬಲೆಯವರು ಅತ್ತ ಬಲೆ ಒಣಗಿಸಲು ಹೋಗಲಿಲ್ಲ. ನನ್ನ ಯಾವ ಭಾಷಣವೂ ಒಬ್ಬ ಮನುಷ್ಯನನ್ನು ಒಂದು ಅಡಿ ಹಿಂದೆ ಸರಿಸಿದ್ದು ನನಗೆ ನೆನಪಿಲ್ಲ. ಹಲಸಿನ ಸೊಪ್ಪು ಇಡೀ ಹೊಳೆಯ ಜನರನ್ನು ಸರಿಸಿತ್ತು.

ಪರೀಕ್ಷೆ ಮುಗಿದು ರಜೆ ಬಂತು. ಹಾಸ್ಟೆಲಿನ ಗೆಳತಿಯರು ಊರಿಗೆ ಹೋದರು. ನನಗೆ ಹೋಗಲು ಬೇರೆ ಊರಿರಲಿಲ್ಲ. ಬೆಳಗ್ಗೆ ಚಿಪ್ಪಿನ ದೋಣಿಯಲ್ಲಿ ಕುದ್ರುವಿಗೆ ಹೋಗಿ, ಗೆಲ್ಲುಗಳ ಸಾಲಿನ ಹೊರಗೆ ಅಮ್ಮನ ಹಳೆಯ ಕೊಡೆ ಬಿಡಿಸಿ ಕೂರುತ್ತಿದ್ದೆ. ಚಿಪ್ಪು ಹೆಕ್ಕುವ ಹೆಂಗಸೊಬ್ಬಳು ನೀರಿನಲ್ಲಿ ನಿಂತೇ ಕೂಗುತ್ತಿದ್ದಳು: "ಕಾಲೇಜಿನ ಅಕ್ಕ, ಹಕ್ಕಿಗೆ ಪಾಠ ಹೇಳ್ಲಿಕ್ಕೆ ಬಂದದ್ದಾ? ಫೇಲಾದವು ಎಷ್ಟು?"

ತಮಾಷೆಯ ಮಾತು. ಆದರೆ ಫೇಲಾಗತೊಡಗಿದ್ದು ನಿಜವೇ ಆಗಿತ್ತು. ನಡುಮಧ್ಯಾಹ್ನದ ಬಿಸಿಲಿಗೆ ತಾಯಿಹಕ್ಕಿ ಹೊಳೆಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುವುದನ್ನು ನಾನು ಕಂಡಿದ್ದೆ. ಕಾವು ಕೊಡುವುದಕ್ಕಲ್ಲ, ತಂಪು ಕೊಡುವುದಕ್ಕೆ. ಅಷ್ಟು ಜೋಪಾನ ಮಾಡಿದ ಗೂಡು ಮರುದಿನ ಖಾಲಿ. ಅದರ ಪಕ್ಕದ್ದು ಅದರ ಮರುದಿನ. ಯಾವುದೋ ಒಂದರಲ್ಲಿ ಮರಿ ಒಡೆದು, ಹತ್ತಿಯ ಉಂಡೆಯಂತೆ ಒಂದು ಬೆಳಗ್ಗೆ ಓಡಾಡಿ, ಸಂಜೆಗೆ ಇಲ್ಲ.

ಯಾರು? ಮನುಷ್ಯರಲ್ಲ, ಚಿಪ್ಪಿನ ನಡುವಿನ ಮರಳಿನಲ್ಲಿ ಹೆಜ್ಜೆ ಇಲ್ಲ. ನಾಯಿಯಲ್ಲ, ಅದೇ ಕಾರಣಕ್ಕೆ. ಉಬ್ಬರದ ನೀರು ಅಲ್ಲಿಯವರೆಗೆ ಏರಿದ್ದರೆ ಕಸದ ಗೆರೆ ಬಿಟ್ಟು ಹೋಗಬೇಕಿತ್ತು. ಬಿಸಿಲೆನ್ನೋಣವೆಂದರೆ ಬಿಸಿಲು ಮೊಟ್ಟೆಯನ್ನು ಕೊಂದೀತು, ಹೊತ್ತುಕೊಂಡು ಹೋಗದು. ಹೀಗೆ ಒಂದೊಂದನ್ನೇ ಬಿಡಿಸುತ್ತಾ ಕೂತಿದ್ದಾಗ ನನ್ನ ತಲೆಯ ಮೇಲೆಯೇ ಉತ್ತರ ಬಂದು ಕೂತಿತು. ಕಾಗೆ.

ಅದು ಗೆಲ್ಲಿನ ತುದಿಯಲ್ಲಿ ಕೂತು, ತಲೆ ಓರೆ ಮಾಡಿ, ಆರಾಮವಾಗಿ ಕೆಳಗೆ ನೋಡುತ್ತಿತ್ತು. ಹಲಸಿನ ಎಲೆಗಳು ಆಗಲೇ ಒಣಗಿ ಉದುರಿದ್ದವು. ಉಳಿದದ್ದು ಬೋಳು ಕಡ್ಡಿ, ಕಾಗೆಯ ಕಾಲಿಗೆ ಅಳತೆ ಕೊಟ್ಟು ಮಾಡಿಸಿದಂತೆ. ಹಿಂದಿನ ವರ್ಷಗಳಲ್ಲಿ ಆ ಬಾಲದಲ್ಲಿ ಕಾಗೆ ಕೂರಲು ಒಂದು ಕಡ್ಡಿಯೂ ಇರಲಿಲ್ಲ. ಹಾರುತ್ತಲೇ ಮೊಟ್ಟೆ ಹುಡುಕಬೇಕಿತ್ತು, ಅಷ್ಟರಲ್ಲಿ ಬಿಳಿ ಹಕ್ಕಿಗಳು ಗುಂಪಾಗಿ ಮೇಲೆ ಬಿದ್ದು ಅಟ್ಟಿಬಿಡುತ್ತಿದ್ದವು. ಈಗ ಅದು ಕೂತು ಕಾಯಬಹುದು. ಯಾವ ಹಕ್ಕಿ ಎಲ್ಲಿಂದ ಏಳುತ್ತದೆ ಎಂದು ಗುರುತಿಟ್ಟುಕೊಳ್ಳಬಹುದು. ನಾನು ನೋಡುತ್ತಿದ್ದಂತೆಯೇ ಅದು ಇಳಿದು, ಕೊಕ್ಕಿನಲ್ಲಿ ಹಿಡಿದು, ಮತ್ತೆ ಅದೇ ಗೆಲ್ಲಿಗೆ ಬಂದು ತಿಂದಿತು.

ಅಪ್ಪ ಸಂಜೆ ಮನೆಗೆ ಬಂದ ಕೂಡಲೇ ಹೇಳಿದೆ. ಹುಬ್ಬು ಒರೆಸಿಕೊಳ್ಳಲೂ ಬಿಡಲಿಲ್ಲ.

"ಗೆಲ್ಲು ತೆಗೀಬೇಕು ಅಪ್ಪ. ನಾಳೆಯೇ."

"ನೆಟ್ಟದ್ದನ್ನು ನಾವಾಗಿಯೇ ತೆಗೆಯುವ ಕ್ರಮ ಇಲ್ಲ."

"ಕಾಗೆಗೆ ದೈವದ ಹೆದರಿಕೆ ಇಲ್ಲ. ಅದಕ್ಕೆ ನಾವು ಮಣೆ ಹಾಕಿ ಕೂರಿಸಿದ್ದೇವೆ."

"ತಂಬಿಲದ ದಿನ ಕೇಳುವ." ತಂಬಿಲ ಎಂದರೆ ದೈವಕ್ಕೆ ವರ್ಷಕ್ಕೊಮ್ಮೆ ಕೊಡುವ ಸೇವೆ.

"ತಂಬಿಲ ಬರುವಾಗ ಅಲ್ಲಿ ಕೇಳ್ಲಿಕ್ಕೆ ಎಂತ ಉಳಿದಿರ್ತದೆ? ಸಾವ್ಕಾರರು ಬಂದ್ರೆ ಎಂತ ತೋರಿಸ್ತೀರಿ, ಕಾಗೆಯಾ?"

ಅಪ್ಪ ಚೆಂಬು ತೆಗೆದುಕೊಂಡು ಬಾವಿಕಟ್ಟೆಗೆ ಹೋದರು. ನೀರು ಸುರಿದುಕೊಳ್ಳುವ ಸದ್ದು ಬಹಳ ಹೊತ್ತು ಕೇಳಿಸಿತು.

ಆಮೇಲೆ ನಾನು ಕಾದೆ, ಮಾವನ ಕತೆಯಲ್ಲಿ ಇದು ಬರುವುದಿಲ್ಲ. ಅಪ್ಪ ಯೋಚಿಸಲಿ ಎಂದು ಕಾದೆ. ಅವರು ಎಂದಿನಂತೆ ಸಂಜೆ ಕುದ್ರುವಿಗೆ ಹೋಗುತ್ತಿದ್ದರು, ಬರುತ್ತಿದ್ದರು, ಅನ್ನ ಉಂಟಾ ಎನ್ನುತ್ತಿದ್ದರು. ಕೊನೆಗೆ ಒಂದು ಬೆಳಗ್ಗೆ ಹೊರಗಿನಿಂದ ಕಾಣುವ ತಗ್ಗುಗಳಲ್ಲಿ ಒಂದರಲ್ಲೂ ಹಕ್ಕಿ ಕೂತಿರಲಿಲ್ಲ. ಅವೆಲ್ಲ ನೀರಂಚಿನಲ್ಲಿ ಗಾಳಿಗೆ ಮುಖ ಮಾಡಿ ಸುಮ್ಮನೆ ನಿಂತಿದ್ದವು. ಆಗ ನಾನು ಒಳಗೆ ಹೋದೆ. ಹಾಡಹಗಲು, ಹೆಂಗಸರು ನೋಡುತ್ತಿದ್ದಂತೆ, ಒಂದೊಂದಾಗಿ ಎಲ್ಲ ಗೆಲ್ಲುಗಳನ್ನೂ ಕಿತ್ತು ಹೊಳೆಗೆ ಹಾಕಿದೆ.

"ಅಯ್ಯೋ, ಎಂತ ಮಾಡಿದ್ದು ಮಗಾ ನೀನು!" ಎಂದು ಫೇಲಾದವು ಎಷ್ಟು ಎಂದು ಕೇಳುತ್ತಿದ್ದವಳೇ ಎದೆಗೆ ಕೈ ಇಟ್ಟುಕೊಂಡಳು. ಆ ದಿನ ವಾಪಸು ಬರುವ ದೋಣಿಯಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ. ದಡ ಮುಟ್ಟುವ ಮೊದಲೇ ಸುದ್ದಿ ದಡದಲ್ಲಿತ್ತು. ಅಪ್ಪ ಬೈಯುತ್ತಾರೆ ಎಂದು ನಾನು ಉತ್ತರಗಳನ್ನು ಸಾಲಾಗಿ ಸಿದ್ಧ ಮಾಡಿಕೊಂಡು ಹೊಸ್ತಿಲಲ್ಲಿ ನಿಂತಿದ್ದೆ. ಅವರು ಬಂದರು, ನನ್ನನ್ನು ದಾಟಿ ಒಳಗೆ ಹೋದರು. "ಅನ್ನ ಉಂಟಾ?" ಎಂದರು. ಅಷ್ಟು ಒಳ್ಳೆಯ ವಾದಗಳನ್ನು ನಾನು ಮತ್ತೆಂದೂ ಕಟ್ಟಿಲ್ಲ. ಒಂದೂ ಬಳಕೆಯಾಗಲಿಲ್ಲ.

ಹಕ್ಕಿಗಳು ಕೂಡಲೇ ಎದ್ದು ಹೋಗಲೂ ಇಲ್ಲ. ಹೆಚ್ಚಿನವು ಚದುರಿದವು, ಸರಿ. ಆದರೆ ಒಂದು ಜೋಡಿ ತಡವಾಗಿ, ಬಾಲದ ನಟ್ಟನಡುವೆ, ಮತ್ತೊಮ್ಮೆ ಮೊಟ್ಟೆಯಿಟ್ಟಿತು. ಕಾಗೆಗಳು ಮೇಲೆ ಸುತ್ತು ಹಾಕಿದವು. ಕೂರಲು ಜಾಗ ಸಿಗದೆ, ಆ ಎರಡು ಹಕ್ಕಿಗಳ ಬೊಬ್ಬೆ ತಾಳಲಾರದೆ ಹೋದವು. ಮಳೆಗಾಲದ ಮೋಡ ಕಡಲ ಮೇಲೆ ಕಪ್ಪಗೆ ನಿಲ್ಲತೊಡಗಿದ ದಿನಗಳಲ್ಲಿ ಆ ಗೂಡಿನಿಂದ ಒಂದು ಮರಿ ಹೊರಬಂತು. ಚಿಪ್ಪಿನ ಬಣ್ಣದ್ದೇ ಮರಿ. ಅಪಾಯ ಕಂಡರೆ ನೆಲಕ್ಕೆ ಅಂಟಿಕೊಂಡು ಚಿಪ್ಪೇ ಆಗಿಬಿಡುತ್ತಿತ್ತು.

"ಒಂದು ಮರಿ ಉಂಟು ಅಪ್ಪ," ಎಂದು ಅಂದೇ ಹೇಳಿದೆ.

"ಹೂಂ," ಎಂದರು.

ಸಾವ್ಕಾರರು ಹೇಳಿದಂತೆಯೇ ಬಂದರು. ಬಿಳಿ ಅಂಗಿ, ತಲೆಗೆ ಟೊಪ್ಪಿ, ಚಪ್ಪಲಿ ಕೈಯಲ್ಲಿ. ನಾನು ದೋಣಿಯಿಂದ ಇಳಿಯಬಾರದು ಎಂದು ಅಪ್ಪ ಹೊರಡುವಾಗಲೇ ಹೇಳಿದ್ದರು. ಚಿಪ್ಪಿನ ಹೆಂಗಸರ ಕಣ್ಣು ನಮ್ಮ ಮೇಲೆಯೇ ಇತ್ತು. ಅವರಿಬ್ಬರೂ ಬಾಲದ ಮೇಲೆ ನಡೆದುಹೋದರು. ನಟ್ಟನಡುವೆ ತಲುಪುತ್ತಿದ್ದಂತೆ ಆ ಜೋಡಿಹಕ್ಕಿಗಳು ಮೇಲಿನಿಂದ ಎರಗತೊಡಗಿದವು. ಸಾವ್ಕಾರರು ತಲೆಯ ಮೇಲೆ ಚಪ್ಪಲಿ ಹಿಡಿದುಕೊಂಡು ನಕ್ಕರು. ಆಗ ಅಪ್ಪ ಮುಂದಿಟ್ಟ ಬಲಗಾಲನ್ನು ನೆಲಕ್ಕೆ ಊರದೆ, ಗಾಳಿಯಲ್ಲೇ ಒಂದು ಕ್ಷಣ ತಡೆದು, ಪಕ್ಕಕ್ಕೆ ಅಗಲವಾಗಿ ಇಟ್ಟರು. ನಾನು ದೋಣಿಯಲ್ಲಿ ಎದ್ದು ನಿಂತಿದ್ದೆ. ನನಗೆ ಕಂಡಿತು.

"ಎಲ್ಲಿ ರೈಟರೇ, ನಿಮ್ಮ ಮರಿ?"

"ಅಲ್ಲೇ ಉಂಟು ಸಾವ್ಕಾರ್ರೆ!" ನಾನು ದೋಣಿಯಿಂದ ಕೂಗಿದೆ. "ಅಪ್ಪನ ಕಾಲಬುಡದಲ್ಲೇ!"

ಸಾವ್ಕಾರರು ಬಗ್ಗಿ ನೋಡಿದರು. ಅಭ್ಯಾಸವಿಲ್ಲದ ಕಣ್ಣಿಗೆ ಅಲ್ಲಿ ಚಿಪ್ಪಲ್ಲದೆ ಬೇರೇನಿದೆ? ಅವರು ಅಪ್ಪನ ಮುಖ ನೋಡಿದರು. "ಉಂಟಾ?"

"ಇಲ್ಲ ಸಾವ್ಕಾರ್ರೆ."

"ಮಗಳು ಹೇಳ್ತಾಳಲ್ಲ?"

"ಯಾವುದೂ ಉಳೀಲಿಲ್ಲ."

"ಮತ್ತೆ ಇವೆರಡು ಎಂತಕ್ಕೆ ಬೊಬ್ಬೆ ಹೊಡೀತಾವೆ?"

"ಅವು ಹಾಗೆಯೇ," ಎಂದರು ಅಪ್ಪ.

ಸಾವ್ಕಾರರು ಇನ್ನೂ ಸ್ವಲ್ಪ ಹೊತ್ತು ನಿಂತರು. ನಗುವಂಥದ್ದು ಏನೂ ಸಿಗಲಿಲ್ಲವೆಂದು ತೋರುತ್ತದೆ. ಅಪ್ಪನ ಭುಜದ ಮೇಲೆ ಕೈ ಇಟ್ಟು ಹಿಂದೆ ಬಂದರು.

ಆ ವಾರವೇ ಮಳೆ ಹಿಡಿಯಿತು. ಹೊಳೆ ಕೆಂಪಾಗಿ ಏರಿತು. ಮರಿ ಹಾರಿತೋ, ನೀರು ಕೊಂಡುಹೋಯಿತೋ ನನಗೆ ತಿಳಿಯದು, ಆ ನೆರೆನೀರಿನಲ್ಲಿ ಯಾವ ದೋಣಿಯವನೂ ನನ್ನನ್ನು ಅತ್ತ ಕರೆದುಕೊಂಡು ಹೋಗಲಿಲ್ಲ. ಮಳೆಗಾಲ ಕಳೆದ ಮೇಲೆ ಬಾಲವನ್ನು ಕೆರೆಸಿದರು. ಮುಂದಿನ ಬೇಸಿಗೆಗೆ ಹಕ್ಕಿಗಳು ಬಂದವು, ಚಿಪ್ಪಿಲ್ಲದ ಕಪ್ಪು ಕೆಸರಿನ ಮೇಲೆ ಸುತ್ತಿದವು, ಇಳಿಯದೆ ಅಳಿವೆಯ ಕಡೆ ಹೋದವು. ಆ ಚಿಪ್ಪಿನ ಸುಣ್ಣ ಯಾವ ಯಾವ ಗೋಡೆಗಳ ಮೇಲಿದೆಯೋ. ಮದುವೆಮನೆಯಲ್ಲಿ ಮಾವ ಎಲೆಗೆ ಹಚ್ಚುವಾಗ ಒಮ್ಮೊಮ್ಮೆ ಯೋಚಿಸಿದ್ದೇನೆ.

ಇಷ್ಟು ವರ್ಷ ನಾನು ಎರಡೂ ಪಕ್ಷ ವಹಿಸಿ ವಾದಿಸಿ ನೋಡಿದ್ದೇನೆ. ಅಪ್ಪನಿಗೆ ಮರಿ ಕಾಣಲೇ ಇಲ್ಲ ಎನ್ನೋಣ, ಹಾಗಾದರೆ ಆ ಕಾಲು ಯಾಕೆ ತಡೆಯಿತು? ದೈವದ ಗೆಲ್ಲಿದ್ದಾಗ ಉಳಿಯದ್ದು ಕಿತ್ತ ಮೇಲೆ ಉಳಿಯಿತು ಎಂದು ಒಪ್ಪಲಾರದೆ ಹೋದರು ಎನ್ನೋಣ. ಹಾಗೆ ಒಂದು ಸೋಲಿಗೆ ಹೆದರಿ ಅವರು ತಮ್ಮ ಹಕ್ಕಿಗಳನ್ನೇ ಬಿಟ್ಟುಕೊಟ್ಟರೇ? ಸಾವ್ಕಾರರ ಎದುರು ಬೇಡಿದ ಮನುಷ್ಯ? ಅಥವಾ, ಮಗಳು ಮಾಡಿದ ತಪ್ಪಿನಿಂದ ಬಂದ ಫಲವನ್ನು ಮುಟ್ಟಿದರೆ ದೈವದ ಏಟು ಆ ಮಗಳಿಗೇ ಬಿದ್ದೀತೆಂದು ಹೆದರಿದರೇ? ಇದಕ್ಕೆ ನನ್ನ ಹತ್ತಿರ ಖಂಡನೆ ಇಲ್ಲ. ಅದಕ್ಕೇ ಇದನ್ನು ನಾನು ಹೆಚ್ಚು ಹೊತ್ತು ಹಿಡಿದುಕೊಳ್ಳುವುದಿಲ್ಲ.

ನಿನ್ನೆ ಸಂಜೆ ಅಪ್ಪ ಭಟ್ಟಿಯಿಂದ ಬಂದರು. ಈಗ ಹುಬ್ಬು ತಾನೇ ಬೆಳ್ಳಗಾಗಿದೆ, ಧೂಳು ಯಾವುದು ಕೂದಲು ಯಾವುದು ತಿಳಿಯುವುದಿಲ್ಲ. "ಅನ್ನ ಉಂಟಾ?" ಎಂದರು. ಉಂಟು ಎಂದೆ. ಬಡಿಸಿದೆ. ಎದುರು ಕೂತೆ. ಚರ್ಚೆಯಲ್ಲಿ ನಿಲ್ಲುವಂತೆ ಬೆನ್ನು ನೇರ ಮಾಡಿಕೊಂಡು ಕೂತಿದ್ದೇನೆಂದು ನನಗೇ ಗೊತ್ತಾಯಿತು. ಬೆನ್ನು ಸಡಿಲ ಬಿಟ್ಟು ಕೇಳಿದೆ:

"ಅಪ್ಪ, ಆ ದಿನ ಕುದ್ರುವಿನಲ್ಲಿ ನೀವು ಕಾಲು ಪಕ್ಕಕ್ಕೆ ಇಟ್ಟಿರಲ್ಲ, ಎಂತಕ್ಕೆ?"